ಮೇಲಿನಿಂದ ಇಳಿದ ಅಧಿಕಾರ ಯಾವ ಮೆಟ್ಟಿಲಲ್ಲಿ ನಿಂತಿತು?

ಶಿರಸಿ ಸೀಮೆಯ ನಮ್ಮ ಊರಿನ ಗ್ರಾಮಸಭೆ ನಡೆಯುವುದು ಶಾಲೆಯ ಜಗುಲಿಯಲ್ಲಿ. ಹಿಂದಿನ ಸಲದ ಸಭೆಗೆ ಹಳ್ಳದಾಚೆಯ ಕೇರಿಯಿಂದ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಫಲಾನುಭವಿಗಳ ಪಟ್ಟಿ, ನೀರಿನ ಬಾಕಿ, ಜಮಾ ಖರ್ಚು ಎಲ್ಲ ಓದಿ ಮುಗಿಯುವವರೆಗೂ ಕಂಬಕ್ಕೊರಗಿ ಸುಮ್ಮನೆ ಕುಳಿತಿದ್ದು, 'ಇತರೆ' ಎನ್ನುವ ಹೊತ್ತಿಗೆ ಎದ್ದರು. "ತಮ್ಮಾ, ಹೋದ ವರ್ಷ ಬರೆದುಕೊಂಡಿರಿ. ಅದರ ಹಿಂದಿನ ವರ್ಷವೂ ಬರೆದುಕೊಂಡಿರಿ. ನಿಮ್ಮ ಪುಸ್ತಕದಲ್ಲಿ ನಮ್ಮ ಸಂಕ ಎರಡು ಸಲ ಆಯಿತು. ಹಳ್ಳದ ಮೇಲೆ ಇನ್ನೂ ಆಗಲಿಲ್ಲ" ಎಂದರು. ಪಿಡಿಒ ಚಿಕ್ಕ ಪ್ರಾಯದವರು, ಸಿಟ್ಟಾಗಲಿಲ್ಲ. ನಡಾವಳಿ ಪುಸ್ತಕ ತೆರೆದು ಠರಾವಿನ ಸಂಖ್ಯೆ ತೋರಿಸಿದರು. "ಅಮ್ಮಾ, ನಮ್ಮಿಂದ ಹೋಗಿದೆ. ಮೇಲಿನಿಂದ ಬರಬೇಕು."

ಆ ಕಾಲುಸಂಕವನ್ನು ನಾನು ದಾಟಿದ್ದೇನೆ. ನಾಲ್ಕು ಅಡಿಕೆ ಮರಗಳನ್ನು ಹಳ್ಳಕ್ಕೆ ಅಡ್ಡ ಹಾಕಿ, ಮೇಲೆ ದಬ್ಬೆ ಹಾಸಿ, ತಂತಿಯಿಂದ ಬಿಗಿದಿರುತ್ತಾರೆ. ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರಿನ ಗಳ. ಮಳೆ ಹಿಡಿದು ಎರಡು ವಾರವಾದರೆ ದಬ್ಬೆಯ ಮೇಲೆ ಪಾಚಿ ಕಟ್ಟುತ್ತದೆ, ಶಾಲೆಗೆ ಹೋಗುವ ಮಕ್ಕಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಾರೆ. ದೊಡ್ಡ ನೆರೆ ಬಂದ ವರ್ಷ ಸಂಕ ಕೊಚ್ಚಿ ಹೋಗುತ್ತದೆ. ಮತ್ತೆ ಕೇರಿಯವರೇ ಸೇರಿ ಮರ ಕಡಿದು ಕಟ್ಟುತ್ತಾರೆ. ಉತ್ತರ ಕನ್ನಡದ ಘಟ್ಟದ ಸೆರಗಿನಲ್ಲಿ ಇಂಥ ಸಂಕಗಳು ಊರೂರಿಗೆ ಇವೆ.

'ಮೇಲಿನಿಂದ ಬರಬೇಕು' ಎಂಬ ಮಾತಿನ ಬೆನ್ನು ಹತ್ತಿ ನಾನು ಈ ಲೇಖನ ಬರೆಯುತ್ತಿದ್ದೇನೆ. ಮೇಲೆ ಎಂದರೆ ಎಲ್ಲಿ? ತಾಲೂಕಿನಲ್ಲೇ, ಕಾರವಾರದಲ್ಲೇ, ಬೆಂಗಳೂರಿನಲ್ಲೇ? ಜಿಲ್ಲಾ ಪಂಚಾಯತಿ ಎಂಬುದೊಂದು ಇದೆಯಲ್ಲ, ನಾವೇ ಆರಿಸಿದ ಸದಸ್ಯರ ಮನೆಗೆ ಹೋಗಿ ಕೇಳೋಣ ಎಂದರೆ, ಆ ದಾರಿಯೂ ವರ್ಷಗಟ್ಟಲೆ ಮುಚ್ಚಿಹೋಗಿತ್ತು. 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ನಡೆಯಲಿಲ್ಲ. ಅವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು.

ಈ ಸ್ಥಿತಿ ಯಾವ ನಾಡಿನಲ್ಲಿ ಬಂತು ಎಂದು ನೆನೆದಾಗ ಹೊಟ್ಟೆ ಉರಿಯುತ್ತದೆ. ಪಂಚಾಯತಿಗೆ ನಿಜವಾದ ಅಧಿಕಾರ ಕೊಡಬೇಕೆಂದು ಸಂವಿಧಾನ ಹೇಳುವುದಕ್ಕೂ ಮೊದಲೇ ಹೇಳಿದ ರಾಜ್ಯ ನಮ್ಮದು. ಅದನ್ನು ಹೇಳಿದ ಮುಖ್ಯಮಂತ್ರಿ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು.

1975ರ ಜೂನ್ 25ರಂದು ಘೋಷಣೆಯಾದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ನಡೆಯಿತು. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದವರಿಗೆ ಸೆರೆಮನೆ. ಜೈಲು ಸೇರಿದವರಲ್ಲಿ ಹೆಗಡೆಯವರೂ ಒಬ್ಬರು. ಆ ಇಪ್ಪತ್ತೊಂದು ತಿಂಗಳಿನಿಂದ ಪಾಠ ಕಲಿತವರ ಮುಂದೆ ಒಂದು ಪ್ರಶ್ನೆ ಇತ್ತು: ಒಂದೇ ಊರಿನಲ್ಲಿ, ಒಂದೇ ಕಚೇರಿಯಲ್ಲಿ ಇಷ್ಟು ಅಧಿಕಾರ ಕೂಡಿಬಿದ್ದಿದ್ದರಿಂದಲೇ ಹೀಗಾಯಿತಲ್ಲವೇ? ಜನತಾ ಸರ್ಕಾರ 1977ರ ಕೊನೆಗೆ ಅಶೋಕ ಮೆಹ್ತಾ ಸಮಿತಿ ನೇಮಿಸಿತು. 1978ರಲ್ಲಿ ವರದಿ ಬಂತು. ಜಿಲ್ಲೆಯನ್ನೇ ಆಡಳಿತದ ಮುಖ್ಯ ಘಟಕ ಮಾಡಿ, ಕೆಳಗೆ ಹಲವು ಹಳ್ಳಿ ಸೇರಿದ ಮಂಡಲ ಪಂಚಾಯತಿ ಇರಲಿ ಎಂಬುದು ಅದರ ಸಲಹೆ. ದೆಹಲಿಯ ಸರ್ಕಾರ ಬಿದ್ದುಹೋಗಿ ವರದಿ ಧೂಳು ಹಿಡಿಯಿತು. ಅದನ್ನು ಎತ್ತಿಕೊಂಡ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

1983ರ ಜನವರಿಯಲ್ಲಿ ಹೆಗಡೆಯವರು ಮುಖ್ಯಮಂತ್ರಿಯಾದರು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು 'ನೀರ್ ಸಾಬ್' ಎಂದು ಜನರಿಂದ ಕರೆಸಿಕೊಂಡವರು ಅವರು. ಅದೇ ವರ್ಷ ರೂಪುಗೊಂಡ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಜಾರಿಗೆ ಬಂದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಪರಿಷತ್ತಿನ ಮುಖ್ಯ ಕಾರ್ಯದರ್ಶಿ, ಅಂದರೆ ಅಧ್ಯಕ್ಷರ ಕೈಕೆಳಗೆ.

ಈ ಕೊನೆಯ ವಿವರವನ್ನು ಓದುಗರು ಹಗುರವಾಗಿ ಕಾಣಬಾರದು. ಬ್ರಿಟಿಷರ ಕಾಲದಿಂದಲೂ ನಮ್ಮ ಜಿಲ್ಲೆಗಳಲ್ಲಿ ಸರ್ಕಾರ ಎಂದರೆ ಕಲೆಕ್ಟರ್ ಸಾಹೇಬರು. ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹೋದಮೇಲೂ ಅದೇ, 1956ರಲ್ಲಿ ಕನ್ನಡ ನಾಡಿಗೆ ಮರಳಿದ ಮೇಲೂ ಅದೇ. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಎಂದು ಅಂಕೋಲಾ, ಸಿದ್ದಾಪುರದ ರೈತರು ಮನೆಮಾರು ಕಳೆದುಕೊಂಡದ್ದು ಇಂಥ ಆಡಳಿತದ ಎದುರಿಗೇ. ಸ್ವಾತಂತ್ರ್ಯ ಬಂದಾಗ ಬಂಗಲೆಯಲ್ಲಿ ಕೂತವರು ಬದಲಾದರು, ಬಂಗಲೆ ಬದಲಾಗಲಿಲ್ಲ. ಜನರಿಂದ ಆರಿಸಿಬಂದವರ ಕೈಕೆಳಗೆ ಹಿರಿಯ ಅಧಿಕಾರಿ ಕೆಲಸ ಮಾಡಬೇಕು ಎಂದು ಜಿಲ್ಲೆಯ ಮಟ್ಟದಲ್ಲಿ ಬರೆದಿಟ್ಟದ್ದು 1987ರ ದೊಡ್ಡ ಹೆಜ್ಜೆ.

ಆ ಹೆಜ್ಜೆ ಐದೇ ವರ್ಷಕ್ಕೆ ತಡವರಿಸಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ ತಿದ್ದುಪಡಿಯನ್ನು ಅನುಸರಿಸಿ 1993ರಲ್ಲಿ ರಾಜ್ಯ ತಂದ ಹೊಸ ಕಾಯ್ದೆಯಡಿ ಗ್ರಾಮ ಪಂಚಾಯತಿಗೆ ಮತದಾನವಾದದ್ದು 1993ರ ಡಿಸೆಂಬರಿನಲ್ಲಿ, ಜಿಲ್ಲಾ ಪಂಚಾಯತಿಗೆ 1995ರಲ್ಲಿ. ಹೊಸ ವ್ಯವಸ್ಥೆಯಲ್ಲಿ ಜಿಲ್ಲಾ ಅಧ್ಯಕ್ಷರ ಅವಧಿ 20 ತಿಂಗಳಿಗೆ ಇಳಿದ ಕಾಲವೂ ಇತ್ತು. ಇಪ್ಪತ್ತು ತಿಂಗಳಲ್ಲಿ ಒಬ್ಬ ಮನುಷ್ಯ ನಮ್ಮ ಜಿಲ್ಲೆಯ ಭಟ್ಕಳದಿಂದ ಜೋಯಿಡಾದವರೆಗಿನ ತಾಲೂಕುಗಳನ್ನು ಒಂದು ಸುತ್ತು ನೋಡಿ ಮುಗಿಸುವುದೂ ಕಷ್ಟ.

ಅಧಿಕಾರವನ್ನು ಹೀಗೆ ಹಿಂದಕ್ಕೆ ಎಳೆದುಕೊಂಡವರು ಸರ್ವಾಧಿಕಾರಿಗಳೇನಲ್ಲ. ಜನರಿಂದಲೇ ಆರಿಸಿ ಬಂದವರು, ತುರ್ತು ಪರಿಸ್ಥಿತಿಯನ್ನು ಬಾಯ್ತುಂಬ ಬಯ್ದವರೂ ಅವರಲ್ಲಿ ಇದ್ದರು. ನಾನು ಹೇಳಬೇಕಾದ ಮುಖ್ಯ ಸಂಗತಿ ಇಲ್ಲಿದೆ: ನಿರಂಕುಶ ಆಡಳಿತ ಕುಸಿದಾಗ ತುದಿಯಿಂದ ಅಧಿಕಾರ ಕೆಳಗಿಳಿಯುತ್ತದೆ ನಿಜ, ಆದರೆ ಅದು ಮೊದಲು ಸಿಗುವ ಮೆಟ್ಟಿಲಲ್ಲೇ ಕಾಲು ಚಾಚಿ ಕುಳಿತುಬಿಡುತ್ತದೆ. ನಮ್ಮಲ್ಲಿ ಆ ಮೆಟ್ಟಿಲು ವಿಧಾನಸೌಧ. ಊರಿನ ಮಟ್ಟಕ್ಕೆ ಬಂದರೆ ಶಾಸಕರು. ಜಿಲ್ಲಾ ಪಂಚಾಯತಿಯ ಸದಸ್ಯ ಗಟ್ಟಿಯಾದರೆ ಮುಂದಿನ ಚುನಾವಣೆಗೆ ಶಾಸಕರಿಗೆ ಎದುರಾಳಿ. ಆ ಸದಸ್ಯನೇ ಇಲ್ಲದಿದ್ದರೆ ರಸ್ತೆ, ಮೋರಿ, ಸಂಕ ಎಲ್ಲಕ್ಕೂ ಒಂದೇ ಬಾಗಿಲು. ಅಧಿಕಾರಿಗಳಿಗೂ ಹತ್ತು ಮಂದಿಯ ಪ್ರಶ್ನೆಗಿಂತ ಒಬ್ಬರ ಫೋನ್ ಸುಲಭ.

ನೆರೆಹೊರೆಯ ದೇಶಗಳ ಕಥೆ ಇದಕ್ಕಿಂತ ವಿಚಿತ್ರ. ಪಾಕಿಸ್ತಾನದಲ್ಲಿ ಸೇನಾ ಆಡಳಿತಗಾರ ಅಯೂಬ್ ಖಾನ್ 1959ರಲ್ಲಿ 'ಮೂಲ ಪ್ರಜಾಪ್ರಭುತ್ವ' ಎಂಬ ಹೆಸರಿನಲ್ಲಿ ಸ್ಥಳೀಯ ಸಂಸ್ಥೆಗಳನ್ನು ಕಟ್ಟಿದರು. ಅದರ 80,000 ಸದಸ್ಯರೇ ಅವರನ್ನು ಅಧ್ಯಕ್ಷರೆಂದು ಒಪ್ಪುವ ಮತದಾರರು! ಆಮೇಲಿನ ಸೇನಾ ಆಡಳಿತಗಾರರಾದ ಜಿಯಾ ಉಲ್ ಹಕ್, ಮುಷರಫ್ ಕೂಡ ಸ್ಥಳೀಯ ಸಂಸ್ಥೆಗಳನ್ನು ತಂದರು. 2008ರಲ್ಲಿ ಜನಪ್ರತಿನಿಧಿಗಳ ಸರ್ಕಾರ ಮರಳಿದ ಮೇಲೆ ಆ ಸಂಸ್ಥೆಗಳ ಅವಧಿ ಮುಗಿಯಿತು, ಪ್ರಾಂತೀಯ ಸರ್ಕಾರಗಳು ಸುಮ್ಮನಾದವು. ನ್ಯಾಯಾಲಯ ಒತ್ತಾಯಿಸಿದ ಮೇಲೆಯೇ 2013ರಿಂದ 2015ರ ನಡುವೆ ಮತ್ತೆ ಚುನಾವಣೆಯಾಯಿತು. ಬಾಂಗ್ಲಾದೇಶದಲ್ಲಿ ನಮ್ಮ ತಾಲೂಕಿನಂಥ ಉಪಜಿಲಾ ಮಟ್ಟದ ಪರಿಷತ್ತು ತಂದದ್ದು ಸೇನಾ ಆಡಳಿತಗಾರ ಎರ್ಷಾದ್, ತೆಗೆದುಹಾಕಿದ್ದು 1991ರಲ್ಲಿ ಆರಿಸಿ ಬಂದ ಸರ್ಕಾರ. ತುದಿಯಲ್ಲಿ ಒಬ್ಬನೇ ಕುಳಿತವನಿಗೆ ನಡುವಿನ ಪಕ್ಷಗಳನ್ನು ದಾಟಿ ಹಳ್ಳಿಯ ಜೊತೆ ನೇರ ಸಂಬಂಧ ಬೇಕು. ನಡುವಿನವರಿಗೆ ಹಳ್ಳಿಯಲ್ಲಿ ಇನ್ನೊಂದು ಶಕ್ತಿ ಬೆಳೆಯುವುದು ಬೇಡ. ಇಬ್ಬರ ಲೆಕ್ಕದಲ್ಲೂ ಹಳ್ಳಿಯವನು ಸಾಧನ. 1989ರಲ್ಲಿ ರಾಜೀವ್ ಗಾಂಧಿಯವರ ಪಂಚಾಯತಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋದದ್ದಕ್ಕೂ ಇದೇ ಅನುಮಾನ ಕಾರಣ. ದೆಹಲಿ ರಾಜ್ಯಗಳನ್ನು ಹಾರಿ ಜಿಲ್ಲೆಗೆ ಕೈ ಚಾಚುತ್ತಿದೆ ಎಂದು ವಿರೋಧಿಸಿದವರಲ್ಲಿ ಪಂಚಾಯತಿಯ ಪರವಾಗಿ ದುಡಿದವರೂ ಇದ್ದರು.

ಹಾಗಾದರೆ ಅಧಿಕಾರ ನಡುದಾರಿಯಲ್ಲಿ ನಿಲ್ಲದೆ ಕೆಳಗೆ ಮುಟ್ಟಿದ್ದು ಎಲ್ಲಿ? ಇಂಡೊನೇಷ್ಯಾವನ್ನು ನೋಡಬೇಕು. 32 ವರ್ಷ ಆಳಿದ ಸುಹಾರ್ತೊ 1998ರ ಮೇ ತಿಂಗಳಲ್ಲಿ ಇಳಿದರು. ಮರುವರ್ಷವೇ ಎರಡು ಕಾಯ್ದೆ ಮಾಡಿ, 2001ರ ಜನವರಿ 1ರಿಂದ ಅಧಿಕಾರವನ್ನು ಪ್ರಾಂತ್ಯಗಳಿಗಲ್ಲ, ನೇರವಾಗಿ ಜಿಲ್ಲೆಗಳಿಗೆ ಕೊಟ್ಟರು. ಪ್ರಾಂತ್ಯ ಬಲಿತರೆ ದೇಶ ಒಡೆಯಬಹುದೆಂಬ ಭಯ ಅದರ ಹಿಂದಿತ್ತು. ಕಾರಣ ಏನೇ ಇರಲಿ, ಸುಮಾರು 20 ಲಕ್ಷ ಸರ್ಕಾರಿ ನೌಕರರು ಜಿಲ್ಲಾ ಸರ್ಕಾರಗಳ ಕೈಕೆಳಗೆ ಬಂದರು. ನೌಕರ ಯಾರ ಮಾತು ಕೇಳಬೇಕು ಎಂಬುದು ಮೊದಲ ದಿನವೇ ಇತ್ಯರ್ಥವಾಯಿತು. ಕೆಟ್ಟದ್ದೂ ಆಯಿತು. ಜಿಲ್ಲಾ ಮುಖ್ಯಸ್ಥರು ಮನಬಂದಂತೆ ಗಣಿ ಪರವಾನಿಗೆ ಹಂಚಿದರು, ಸಣ್ಣ ಸಣ್ಣ ಅರಸರಾದರು. 2014ರ ಕಾಯ್ದೆ ಗಣಿ, ಅರಣ್ಯ, ಸಮುದ್ರದ ಅಧಿಕಾರವನ್ನು ಮತ್ತೆ ಪ್ರಾಂತ್ಯಕ್ಕೆ ಎತ್ತಿತು. ಕಾಡು ಕಡಲು ಎರಡೂ ಇರುವ ನಮ್ಮ ಜಿಲ್ಲೆಯವರು ಈ ಎರಡೂ ಮುಖವನ್ನು ತಿಳಿದಿರಬೇಕು.

ಫಿಲಿಪ್ಪೀನ್ಸ್ ಹಿಡಿದ ದಾರಿ ಹಣದ್ದು. 1986ರಲ್ಲಿ ಮಾರ್ಕೋಸ್ ಓಡಿಹೋದ ಐದು ವರ್ಷಕ್ಕೆ ಬಂದ 1991ರ ಕಾಯ್ದೆ, ದೇಶದ ಒಳ ತೆರಿಗೆಯಲ್ಲಿ ನೂರಕ್ಕೆ 40 ಭಾಗ ಸ್ಥಳೀಯ ಸಂಸ್ಥೆಗಳದ್ದು, ಅದು ಯಾರ ಸಹಿಗೂ ಕಾಯದೆ ತಾನಾಗಿ ಇಳಿಯಬೇಕು ಎಂದಿತು. ಅಲ್ಲಿಯ ಊರುಗಳನ್ನು ಈಗಲೂ ಮನೆತನಗಳೇ ಆಳುತ್ತಿವೆ ಎಂಬುದನ್ನೂ ಜೊತೆಗೇ ಹೇಳಬೇಕು. ನೇಪಾಳದಲ್ಲಿ ಅರಸೊತ್ತಿಗೆ ಹೋದ ಮೇಲಿನ 2015ರ ಸಂವಿಧಾನ, 753 ಸ್ಥಳೀಯ ಸರ್ಕಾರಗಳ ಅಧಿಕಾರವನ್ನು ಒಂದು ಅನುಸೂಚಿಯಲ್ಲಿ ಎಣಿಸಿ ಬರೆಯಿತು. ಇಪ್ಪತ್ತು ವರ್ಷ ಸ್ಥಳೀಯ ಚುನಾವಣೆಯೇ ಕಾಣದ ದೇಶ 2017ರಲ್ಲಿ ಮತ ಹಾಕಿತು, 2022ರಲ್ಲಿ ಸರಿಯಾದ ಹೊತ್ತಿಗೆ ಮತ್ತೆ ಹಾಕಿತು. ಪ್ರತಿ ವಾರ್ಡಿನಲ್ಲೂ ಒಬ್ಬ ದಲಿತ ಮಹಿಳೆಗೆ ಸ್ಥಾನ ಇರಿಸಿತು.

ನೌಕರ ಯಾರ ಕೈಕೆಳಗೆ, ಹಣ ತಾನಾಗಿ ಬರುತ್ತದೆಯೇ, ಚುನಾವಣೆಯ ದಿನ ಯಾರ ಕೈಯಲ್ಲಿದೆ. ಈ ಮೂರನ್ನು ನಮ್ಮ ಊರಿಗೆ ಹೊಂದಿಸಿ ನೋಡಿದರೆ ಆ ಅಜ್ಜಿಯ ಸಂಕ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ತಿಳಿಯುತ್ತದೆ. ಸಂಕಕ್ಕೆ ಅಂದಾಜು ಪಟ್ಟಿ ಮಾಡುವ ಎಂಜಿನಿಯರ್ ಪಂಚಾಯತಿಯ ನೌಕರ ಅಲ್ಲ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಾಗಿತ್ತು. ಉಳಿದದ್ದರಲ್ಲಿ ಬೀದಿದೀಪ, ಚರಂಡಿ, ರಸ್ತೆ ದುರಸ್ತಿ ಕಳೆದರೆ ಸಂಕಕ್ಕೆ ಮಿಗುತ್ತಿದ್ದದ್ದು ಅಷ್ಟಕ್ಕಷ್ಟೆ. ಜಿಲ್ಲಾ, ತಾಲೂಕು ಪಂಚಾಯತಿಗಳ ಪಾಲು ಕೇಳೋಣ ಎಂದರೆ, ಆ ಅನುದಾನ ಆರಿಸಿಬಂದ ಮಂಡಳಿ ಇದ್ದರೆ ಮಾತ್ರ. ಕೇರಳ 1996ರಲ್ಲಿ 'ಜನರ ಯೋಜನೆ' ಎಂಬ ಆಂದೋಲನ ಶುರುಮಾಡಿದಾಗ ರಾಜ್ಯ ಯೋಜನಾ ವೆಚ್ಚದ ನೂರಕ್ಕೆ 35ರಿಂದ 40 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟುಕೊಟ್ಟಿತ್ತು. ಮೊದಲು ಹಣ ಕೊಟ್ಟು ಆಮೇಲೆ ಯೋಜನೆ ಮಾಡಿ ಎಂದರು. ನಮ್ಮಲ್ಲಿ ಕ್ರಿಯಾಯೋಜನೆ ಮೊದಲು, ಹಣ ಬಂದರೆ ಬಂತು.

ಚುನಾವಣೆಯ ದಿನದ ವಿಷಯ ಇನ್ನೂ ನೋವಿನದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಸ್ಪಷ್ಟವಾಗಿದೆ: ಪಂಚಾಯತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ನಡೆಸಬೇಕಾದ್ದು ರಾಜ್ಯ ಚುನಾವಣಾ ಆಯೋಗ. ಆದರೆ 2021ರಲ್ಲಿ ಕಾಯ್ದೆ ತಿದ್ದಿ ಕ್ಷೇತ್ರ ವಿಂಗಡಣೆಯ ಕೆಲಸವನ್ನು ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಮೀಸಲಾತಿ ಪಟ್ಟಿ, ಆಕ್ಷೇಪಣೆ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಒಂದು ಪಕ್ಷದ ಸರ್ಕಾರ ಶುರುಮಾಡಿದ ವಿಳಂಬವನ್ನು 2023ರಲ್ಲಿ ಬಂದ ಇನ್ನೊಂದು ಪಕ್ಷದ ಸರ್ಕಾರವೂ ಕೂಡಲೇ ಕೊನೆಗಾಣಿಸಲಿಲ್ಲ. ಈ ಒಂದು ವಿಷಯದಲ್ಲಿ ವಿಧಾನಸೌಧದ ಎರಡೂ ಬದಿಯ ಸಾಲುಗಳಿಗೆ ಜಗಳವೇ ಇರಲಿಲ್ಲ. ವಿಧಾನಸಭೆಗೆ ಒಂದು ವರ್ಷ ಚುನಾವಣೆ ತಪ್ಪಿದರೆ ದೇಶವೇ ಎದ್ದು ನಿಲ್ಲುತ್ತಿತ್ತು. ಜಿಲ್ಲಾ ಪಂಚಾಯತಿಗೆ ತಪ್ಪಿದಾಗ ನಾವು ಯಾರೂ ಬೀದಿಗೆ ಬರಲಿಲ್ಲ. ನಾನೂ ಬರಲಿಲ್ಲ.

ಇದಕ್ಕೆ ಅಡ್ಡವಾಗಿ ಒಂದು ಗಟ್ಟಿ ಮಾತಿದೆ. ಊರಿಗೆ ಅಧಿಕಾರ ಕೊಡುವುದೆಂದರೆ ಊರ ಗೌಡನಿಗೆ ಕೊಡುವುದಲ್ಲವೇ? ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತ ಮನಸ್ಸು, ಅಜ್ಞಾನ, ಜಾತೀಯತೆಗಳ ಗೂಡು ಎಂದು ಕಟುವಾಗಿ ಟೀಕಿಸಿದರು. ಅದನ್ನು ತಳ್ಳಿಹಾಕುವ ಧೈರ್ಯ ಈ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ಇರಬಾರದು. ಹಾಲಕ್ಕಿಗಳು, ಸಿದ್ದಿಗಳು, ಕುಣಬಿಗಳು, ಗೌಳಿಗಳು ಊರ ನ್ಯಾಯದ ಜಗುಲಿಯ ಮೇಲೆ ಕುಳಿತು ಮಾತಾಡಿದ ಕಾಲ ಹಿಂದೆ ಇರಲಿಲ್ಲ. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿಯಲ್ಲಿ ಒಡೆಯರ ಎದುರು ಗೇಣಿದಾರ ಮತ ಚಲಾಯಿಸುವುದು ಹೇಗೆ? ಇಲ್ಲಿ ಒಂದು ತಿರುವು ಇದೆ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ಭೂ ನ್ಯಾಯಮಂಡಳಿಗಳು ಭರದಿಂದ ಕೆಲಸ ಮಾಡಿದ ಕಾಲದಲ್ಲಿ ತುರ್ತು ಪರಿಸ್ಥಿತಿಯೂ ಇತ್ತು. 1987ರಲ್ಲಿ ಮಂಡಲ ಪಂಚಾಯತಿಗೆ ನಿಂತ ಎಷ್ಟೋ ಮಂದಿ ಹತ್ತು ವರ್ಷದ ಹಿಂದಿನ ಗೇಣಿದಾರರ ಮಕ್ಕಳು. ಜಮೀನಿನ ಪಹಣಿ ಕೈಗೆ ಬಂದ ಮೇಲೆ ಬಂದದ್ದರಿಂದಲೇ ಆ ಮತಕ್ಕೆ ಬೆನ್ನೆಲುಬಿತ್ತು ಎಂದು ನನ್ನ ನಂಬಿಕೆ. ಮೀಸಲಾತಿ ಇಲ್ಲದ, ಭೂಮಿ ಇಲ್ಲದವರ ಪಂಚಾಯತಿ ಅಂಬೇಡ್ಕರ್ ಹೇಳಿದ ಗೂಡೇ ಆಗುತ್ತದೆ.

ಆದರೆ ಭೂಮಿಯ ಪ್ರಶ್ನೆ ನಮ್ಮಲ್ಲಿ ಅರ್ಧಕ್ಕೆ ನಿಂತಿದೆ. ಜಿಲ್ಲೆಯ ಬಹುಭಾಗ ಅರಣ್ಯ. ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ದೊಡ್ಡ ನಿರ್ಧಾರಗಳೆಲ್ಲ ಹೊರಗಿನಿಂದ ಬಂದವು. ಎದ್ದು ಹೋಗಬೇಕಾದವರನ್ನು ಯಾವ ಪಂಚಾಯತಿಯೂ ಕೇಳಿ ತೀರ್ಮಾನಿಸಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಎದುರು ದಡದ ಉಳುವರೆಯ ಮನೆಗಳಿಗೆ ನದಿಯೇ ನುಗ್ಗಿತು. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ಎಷ್ಟು ಕಡಿಯಬೇಕು ಎಂಬುದು ಉಳುವರೆಯ ಗ್ರಾಮಸಭೆಯ ವಿಷಯಪಟ್ಟಿಗೆ ಬರುವ ಸಂಗತಿಯೇ ಅಲ್ಲ. ಸತ್ತವರನ್ನು ಹುಡುಕುವಾಗ ಮಾತ್ರ ಅದು ಊರಿನ ಸಂಗತಿ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಯಿಂದಲೇ ಶುರುವಾಗುತ್ತದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದಾದ ಮೇಲೊಂದು ಬಾಕ್ಸೈಟ್ ಗಣಿ ಬೇಡ ಎಂದವು, ಗಣಿ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇದೇ ಕಾಯ್ದೆಯಡಿ ಹಾಕಿದ ಅರ್ಜಿಗಳು ಬಹುಪಾಲು ತಿರಸ್ಕೃತವಾದವು. ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ತನ್ನಿ ಎಂಬ ಷರತ್ತಿನಲ್ಲಿ ಸಿಕ್ಕಿ ಬಿದ್ದವು. ಮೇಲಿನ ಸಮಿತಿಗಳಲ್ಲಿ ಅಧಿಕಾರಿಗಳ ಜೊತೆ ಕುಳಿತುಕೊಳ್ಳಬೇಕಾದವರು ಜಿಲ್ಲಾ, ತಾಲೂಕು ಪಂಚಾಯತಿಗಳ ಸದಸ್ಯರು. ಆ ಪಂಚಾಯತಿಗಳೇ ಖಾಲಿ ಇದ್ದರೆ ಆ ಕುರ್ಚಿಗಳ ಗತಿ ಏನು? ಚುನಾವಣೆ ತಪ್ಪಿದ್ದರ ಬಿಸಿ ಕಾಡಂಚಿನ ಗುಡಿಸಲಿಗೆ ಹೀಗೆ ಮುಟ್ಟುತ್ತದೆ.

ಸಂಕದ ಕಡತದಲ್ಲೂ 'ಅರಣ್ಯ ಪ್ರದೇಶ, ಅನುಮತಿ ಅಗತ್ಯ' ಎಂಬ ಒಂದು ಸಾಲು ಇತ್ತು. ಸಭೆ ಮುಗಿದ ಮೇಲೆ ಪಿಡಿಒ ತಾವಾಗಿಯೇ ತೋರಿಸಿದರು. ಮನೆಗೆ ಬಂದು ಅರಣ್ಯ ಹಕ್ಕು ಕಾಯ್ದೆ ತೆರೆದು ನೋಡಿದೆ. ಕಲಂ 3ರ ಉಪಕಲಂ 2: ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು ಹೀಗೆ ಹದಿಮೂರು ಬಗೆಯ ಸೌಕರ್ಯಕ್ಕೆ, ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಬೇಕು. ಎರಡು ವರ್ಷದ ಠರಾವುಗಳಲ್ಲಿ 'ಕಾಲುಸಂಕ ನಿರ್ಮಿಸಿಕೊಡಬೇಕಾಗಿ ವಿನಂತಿ' ಎಂದಿತ್ತೇ ಹೊರತು ಈ ಕಲಮಿನ ಹೆಸರೇ ಇರಲಿಲ್ಲ. ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ.

ನಮ್ಮ ಭಾಗಕ್ಕೆ ಕಾನೂನು ಇನ್ನೊಂದು ಅನುಕೂಲ ಕೊಟ್ಟಿದೆ. ಬಯಲುಸೀಮೆಯಲ್ಲಿ ಐದರಿಂದ ಏಳು ಸಾವಿರ ಜನಕ್ಕೊಂದು ಗ್ರಾಮ ಪಂಚಾಯತಿಯಾದರೆ, ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನಕ್ಕೂ ಒಂದು ಇರಬಹುದು. ನಡೆದು ಹೋಗುವ ದೂರದಲ್ಲಿ ಪಂಚಾಯತಿ ಇರಲಿ ಎಂಬ ಎಣಿಕೆ. ಸಂಕದ ಕೇರಿಯವರು ಆ ದೂರ ನಡೆಯಲೂ ಸಂಕವನ್ನೇ ದಾಟಬೇಕು. ಹಾಗಾಗಿ ಈ ಸಲ ವಾರ್ಡ್ ಸಭೆಯನ್ನು ಆಚೆ ದಡದಲ್ಲೇ, ಹಲಸಿನ ಮರದ ಕೆಳಗೆ ಕರೆದೆವು. ಹೆಂಗಸರೇ ಹೆಚ್ಚು ಬಂದಿದ್ದರು. 'ವಿನಂತಿ' ಎಂಬ ಪದ ತೆಗೆದು 'ಶಿಫಾರಸು ಮಾಡಲಾಗಿದೆ' ಎಂದು ಬರೆದು, ಕಲಂ, ಸರ್ವೆ ನಂಬರ್, ಸಂಕದ ಉದ್ದ ಅಗಲ ಎಲ್ಲ ನಮೂದಿಸಿದೆವು. ಅದೇ ಠರಾವು ಮುಂದಿನ ವಾರ ಗ್ರಾಮಸಭೆಯಲ್ಲಿ ಕೋರಂ ಇಟ್ಟುಕೊಂಡು ಅಂಗೀಕಾರವಾಯಿತು. ಮೊದಲ ಸಹಿ ಆ ಹಿರಿಯ ಹೆಂಗಸಿನದು, ಸಹಿ ಎಂದರೆ ಎಡಗೈ ಹೆಬ್ಬೆಟ್ಟು. ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಈಗ ಅವರ ಮನೆಯ ಟ್ರಂಕಿನಲ್ಲಿ, ಪಹಣಿಯ ಜೊತೆಗಿದೆ.